ಉರಿಯದ ಗ್ಯಾಸಿನ ಜೊತೆ ಹೋಗುವ ಮೀಥೇನ್

1903ರಲ್ಲಿ ಅಮೆರಿಕದ ಕಾನ್ಸಾಸ್‌ನ ಡೆಕ್ಸ್‌ಟರ್ ಎಂಬ ಊರಲ್ಲಿ ಗ್ಯಾಸ್ ಬಾವಿ ಚಿಮ್ಮಿತು. ಊರಿಗೆ ಊರೇ ಸೇರಿ, ಹೊತ್ತಿಸಿದ ಹುಲ್ಲಿನ ಪಿಂಡಿಯನ್ನು ಅದರ ಬಳಿಗೆ ತಳ್ಳಿದರೆ ಬೆಂಕಿಯೇ ಆರಿಹೋಯಿತು! ಆಮೇಲೆ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು: ಉರಿಯದ ನೈಟ್ರೋಜನ್ ಶೇ 72, ಉರಿಯುವ ಮೀಥೇನ್ ಬರೀ ಶೇ 15. (ಅದೇ ಗ್ಯಾಸಿನಲ್ಲಿ 1905ರಲ್ಲಿ ಹೀಲಿಯಂ ಸಿಕ್ಕಿತು. ಅದು ಬೇರೆಯೇ ಕಥೆ.)

ಇಂಥ ಗ್ಯಾಸನ್ನು ಈಗ ಕಡುಚಳಿಯಲ್ಲಿ ದ್ರವ ಮಾಡಿ ಬೇರ್ಪಡಿಸುತ್ತಾರೆ. ಮೀಥೇನ್ ಕುದಿಯುವುದು ಮೈನಸ್ 161 ಡಿಗ್ರಿಯಲ್ಲಿ, ನೈಟ್ರೋಜನ್ ಮೈನಸ್ 196ರಲ್ಲಿ. ಹಾಗಾಗಿ ಬೇರ್ಪಡಿಸುವ ಎತ್ತರದ ಗೋಪುರದಲ್ಲಿ ಮೀಥೇನ್ ದ್ರವವಾಗಿ ಕೆಳಗೆ ಉಳಿಯುತ್ತದೆ, ತುದಿಯಿಂದ ನೈಟ್ರೋಜನ್ ಹೊರಗೆ ಹೋಗುತ್ತದೆ. ಜೊತೆಗೆ ಒಂದಿಷ್ಟು ಮೀಥೇನ್ ಕೂಡ. ನನ್ನನ್ನು ಕಾಡುವುದು ಈ 'ಒಂದಿಷ್ಟು'. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಕಾಯಿಸುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು. ನೈಟ್ರೋಜನ್ನಿನಲ್ಲಿ ಅಷ್ಟು ತೆಳುವಾಗಿ ಬೆರೆತ ಮೀಥೇನ್ ತಾನಾಗಿ ಉರಿಯುವುದೂ ಇಲ್ಲ; ಸುಡಬೇಕೆಂದರೆ ಬೇರೆ ಇಂಧನ ಬೆರೆಸಬೇಕು, ಇಲ್ಲವೇ ಕ್ಯಾಟಲಿಸ್ಟ್ (ಉರಿಯುವುದನ್ನು ಸುಲಭ ಮಾಡುವ ವಸ್ತು) ಬೇಕು.

ಅದಕ್ಕೇ ಒಳಗೇ ಹಿಡಿಯುವುದು ಮೇಲು ಅನ್ನಿಸುತ್ತದೆ. ಗೋಪುರದ ತುದಿಗೆ ತಣ್ಣನೆಯ ದ್ರವ ನೈಟ್ರೋಜನ್ನನ್ನು ಇನ್ನಷ್ಟು ಸುರಿದರೆ, ಮೇಲೇರುವ ಮೀಥೇನ್ ಅದರಲ್ಲಿ ಕರಗಿ ಕೆಳಕ್ಕೆ ಇಳಿಯುತ್ತದೆ. ಆ ಚಳಿ ಹುಟ್ಟಿಸುವ ಕಂಪ್ರೆಸರ್‌ಗೆ ಹೆಚ್ಚು ಕರೆಂಟು ಬೇಕು, ನಿಜ. ಗೋಪುರದ ಬದಲು ತೆಳು ಪೊರೆಯ ಮೂಲಕ ಗ್ಯಾಸನ್ನು ಬೇರ್ಪಡಿಸುವ ಮೆಂಬ್ರೇನ್ ಘಟಕಗಳು ಅಗ್ಗ, ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಮೀಥೇನ್ ಕೈತಪ್ಪುತ್ತದೆ. ಅದನ್ನು ಅಲ್ಲೇ ಇಂಜಿನ್ನಿಗೆ ಇಂಧನವಾಗಿ ಕೊಡಬಹುದು. ಗಾಳಿಗೆ ಬಿಡುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ.