ಹ್ಯಾಲಿಫ್ಯಾಕ್ಸಿನ ತಾರು

ನಾವು ಹ್ಯಾಲಿಫ್ಯಾಕ್ಸಿಗೆ ಹೋದದ್ದು ಮೊಮ್ಮಗಳ ಮುಖ ನೋಡಲಿಕ್ಕೆ. ಕೆನಡಾದ ಪೂರ್ವದ ಅಂಚು, ನೋವಾ ಸ್ಕೋಶಿಯಾ ಪ್ರಾಂತ್ಯದ ರಾಜಧಾನಿ, ಅಟ್ಲಾಂಟಿಕ್ ದಂಡೆಯ ಹಳೆಯ ಬಂದರು. ಮಗಳು ಫೋನಿನಲ್ಲಿ ಇಷ್ಟು ಹೇಳಿದ್ದಳು, ನನಗೆ ಗೊತ್ತಿದ್ದದ್ದೂ ಇಷ್ಟೇ. ಮೂರು ವಾರ ಇದ್ದೆವು. ಹೆಚ್ಚಿನ ದಿನಗಳು ಮಗುವಿಗೆ ಎಣ್ಣೆ ನೀರು, ಬಾಣಂತಿಯ ಅಡುಗೆ, ಕಿಟಕಿಯಾಚೆಯ ಮಂಜು ಇದರಲ್ಲೇ ಕಳೆದವು. ಅದನ್ನೆಲ್ಲ ಬರೆಯುವುದಿಲ್ಲ. ಅಲ್ಲಿನ ಒಂದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗೆ ತಾರು (ಟೆಲಿಗ್ರಾಂ) ಬಡಿದು ಕಳಿಸುವ ಒಂದು ಕೀ ನೋಡಿದೆ. ಊರಿಗೆ ಬಂದು ಎರಡು ತಿಂಗಳಾದರೂ ಅದು ಕಣ್ಣ ಮುಂದಿನಿಂದ ಹೋಗಿಲ್ಲ.

ಅಲ್ಲಿಗೆ ಹೋದ ಎರಡನೇ ದಿನವೇ ಊರು ನಮ್ಮನ್ನು ಬೆಚ್ಚಿಬೀಳಿಸಿತು. ಮಧ್ಯಾಹ್ನ ಪೇಟೆಯಲ್ಲಿ ನಡೆಯುತ್ತಿದ್ದಾಗ ಗುಡ್ಡದ ಮೇಲಿನಿಂದ ಢಮ್ ಎಂದು ಶಬ್ದ ಬಂತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು.

"ಏನ್ರೀ ಅದು?"

"ತೋಪು ಅವ್ವಾ, ದಿನಾ ಹನ್ನೆರಡಕ್ಕ ಹೊಡೀತಾರ," ಎಂದಳು ಮಗಳು.

ಗುಡ್ಡದ ಮೇಲೆ ಬ್ರಿಟಿಷರ ಕೋಟೆ ಇದೆ, ಅದಕ್ಕೆ ಸಿಟಡೆಲ್ ಎನ್ನುತ್ತಾರೆ. 1857ರಿಂದ, ಕ್ರಿಸ್ಮಸ್ ಒಂದು ದಿನ ಬಿಟ್ಟು, ಅಲ್ಲಿಂದ ಮಧ್ಯಾಹ್ನದ ತೋಪು ಹಾರುತ್ತದೆ. ಬ್ರಿಟಿಷರು ಈ ಊರು ಕಟ್ಟಿದ್ದು 1749ರಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಇಲ್ಲಿದ್ದ ಮಿಕ್‌ಮಾ ಜನ ಈ ಜಾಗವನ್ನು 'ದೊಡ್ಡ ಬಂದರು' ಎಂದೇ ಕರೆಯುತ್ತಿದ್ದರು. ದೊಡ್ಡದೇ ಹೌದು. ಚಳಿಗಾಲದಲ್ಲೂ ಹೆಪ್ಪುಗಟ್ಟದ ಆಳ ನೀರು ಸಮುದ್ರದಿಂದ ಒಳಕ್ಕೆ ಚಾಚಿ, ನಡುವೆ ಬಿಂದಿಗೆಯ ಕತ್ತಿನ ಹಾಗೆ ಕಿರಿದಾಗಿ, ಅದರಾಚೆ ಬೆಡ್‌ಫರ್ಡ್ ಬೇಸಿನ್ ಎಂಬ ದೊಡ್ಡ ಕೆರೆಯಂಥ ಜಾಗಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಯುರೋಪಿಗೆ ಹೊರಡುವ ಹಡಗುಗಳು ಆ ಬೇಸಿನ್ನಿನಲ್ಲಿ ಗುಂಪು ಸೇರುತ್ತಿದ್ದವು. ಆ ಕತ್ತಿನ ಜಾಗವೇ ಊರಿನ ಪ್ರಾಣಕ್ಕೆ ಬಂತು.

ಹೋಗುವವರಿಗೆ ಒಂದು ಮಾತು. ಮಗಳು ನಮಗಾಗಿ ಊರು ತೋರಿಸುವ ಒಂದು ಕಾಲ್ನಡಿಗೆ ಟೂರಿಗೆ ದುಡ್ಡು ಕಟ್ಟಿದ್ದಳು. ಹೇಳಿದ ಜಾಗದಲ್ಲಿ ಐವತ್ತು ನಿಮಿಷ ಗಾಳಿಗೆ ನಿಂತೆವು. ಜಾಗ ಬದಲಾಗಿದೆ ಎಂದು ಹಿಂದಿನ ರಾತ್ರಿ ಇಮೇಲ್ ಹಾಕಿದ್ದರಂತೆ. ಓಡಿ ಹೋಗಿ ಸೇರಿಕೊಂಡರೆ, ಆ ಹುಡುಗ ಅರ್ಧ ಹೊತ್ತು ಟೈಟಾನಿಕ್ ಕಥೆ, ಇನ್ನರ್ಧ ಹೊತ್ತು ಯಾವ ಅಂಗಡಿಯ ಬಿಯರ್ ಚೆಂದ ಎನ್ನುವುದು. 1917ರಲ್ಲಿ ಈ ಬಂದರಿನಲ್ಲಿ ಮದ್ದಿನ ಹಡಗು ಸಿಡಿದ ಸ್ಫೋಟಕ್ಕೆ ಎರಡೇ ವಾಕ್ಯ. ಆ ಸಿಟ್ಟು ಈಗಲೂ ಇಳಿದಿಲ್ಲ. ಮುಂಗಡ ಕಟ್ಟಿದ್ದರೆ ಹೊರಡುವ ಮುನ್ನ ಫೋನ್ ಮಾಡಿ ಜಾಗ ಕೇಳಿಕೊಳ್ಳಿ. ಆಗಸ್ಟ್ ಆದರೂ ಗಾಳಿ ತಡೆಯುವ ಜಾಕೆಟ್ ಇರಲಿ, ಛತ್ರಿ ನಂಬಬೇಡಿ. ಬಸ್ಸಿಗೆ ಸರಿಯಾದ ಚಿಲ್ಲರೆ ಇಟ್ಟುಕೊಳ್ಳಿ, ಡ್ರೈವರ್ ಬಾಕಿ ಕೊಡುವುದಿಲ್ಲ.

ಆ ಎರಡು ವಾಕ್ಯದಲ್ಲಿ 'ತಾರು ಕೊಟ್ಟವನು' ಎಂಬ ಒಂದು ಮಾತು ಬಂದಿತ್ತು. ನನಗೆ ಅದು ಸಾಕಾಯಿತು. ಮಾರನೇ ದಿನ ನಾವಿಬ್ಬರೇ ಬಂದರಿನ ಕಟ್ಟೆಯ ಮೇಲಿರುವ ಅಟ್ಲಾಂಟಿಕ್ ಸಾಗರ ಮ್ಯೂಸಿಯಮ್ಮಿಗೆ ಹೋದೆವು.

ನಾನು ರೈಲ್ವೆಯವನು. ಹುಬ್ಬಳ್ಳಿ ಸುತ್ತಿನ ಸ್ಟೇಷನ್ನುಗಳಲ್ಲಿ ಮೂವತ್ತಾರು ವರ್ಷ ಲೈನ್ ಕ್ಲಿಯರ್, ಅಂದರೆ ಗಾಡಿ ಬರಲಿಕ್ಕೆ ಒಪ್ಪಿಗೆ, ಕೊಟ್ಟವನು, ತಗೊಂಡವನು. ನಾನು ಸೇರಿದ ಕಾಲಕ್ಕೆ ತಾರಿನ ಚುಕ್ಕೆ-ಗೆರೆಗಳ ಭಾಷೆಯಾದ ಮೋರ್ಸ್ ಕಲಿಯದೆ ಸ್ಟೇಷನ್ ಮಾಸ್ಟರ್ ಆಗುವ ಹಾಗಿರಲಿಲ್ಲ. ತಾರು ಕೇಳಿಸುವ ಸೌಂಡರ್ ಕಟಕಟ ಅಂದರೆ ನಿದ್ದೆಯಲ್ಲೂ ಕೈ ಪೆನ್ಸಿಲ್ ಹುಡುಕುತ್ತಿತ್ತು. ನಮ್ಮ ದೇಶದಲ್ಲಿ ಅಂಚೆ ತಾರು 2013ರ ಜುಲೈನಲ್ಲಿ ನಿಂತಾಗ ಒಂದು ಹೊತ್ತು ಊಟ ಮಾಡಲಾಗಲಿಲ್ಲ ನನಗೆ. ಅಂಥವನು ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಒಳಗೆ ಒಂದು ತಾರಿನ ಕೀ, ಒಂದು ಜೇಬುಗಡಿಯಾರ. ಎರಡೂ ಆ ತಾರು ಕೊಟ್ಟ ವಿನ್ಸೆಂಟ್ ಕೋಲ್‌ಮನ್ ಅವರವು.

1917ರ ಡಿಸೆಂಬರ್ 6, ಗುರುವಾರ ಬೆಳಿಗ್ಗೆ. ಫ್ರಾನ್ಸಿನ ಮೋಂ ಬ್ಲಾಂ ಹಡಗು ನ್ಯೂಯಾರ್ಕಿನಿಂದ ಬಂದು ಬೇಸಿನ್ನಿಗೆ ಹೋಗುತ್ತಿತ್ತು. ಹೊಟ್ಟೆಯಲ್ಲಿ ಸಾವಿರಾರು ಟನ್ ಸಿಡಿಮದ್ದು: ಪಿಕ್ರಿಕ್ ಆಮ್ಲ, ಟಿ.ಎನ್.ಟಿ., ಗನ್‌ಕಾಟನ್. ಡೆಕ್ಕಿನ ಮೇಲೆ ಬೆನ್ಜಾಲ್ ಎಂಬ ಬೇಗ ಹತ್ತಿಕೊಳ್ಳುವ ಇಂಧನದ ಪೀಪಾಯಿಗಳು. ಯುದ್ಧದ ಕಾಲವಾದ್ದರಿಂದ ಅಪಾಯದ ಕೆಂಪು ಬಾವುಟ ಇರಲಿಲ್ಲ. ಎದುರಿನಿಂದ ನಾರ್ವೆಯ ಇಮೋ ಹೊರಗೆ ಬರುತ್ತಿತ್ತು. ಆ ಕಿರಿದಾದ ನೀರಿನಲ್ಲಿ ಎರಡೂ ಡಿಕ್ಕಿಯಾದವು. ಪೀಪಾಯಿ ಒಡೆದು ಬೆಂಕಿ ಹತ್ತಿತು. ಹಡಗಿನವರಿಗೆ ಒಳಗೇನಿದೆ ಎಂದು ಗೊತ್ತಿತ್ತು. ಅವರು ದೋಣಿಗೆ ಹಾರಿ ಎದುರು ದಡ ಸೇರಿಕೊಂಡರು. ಉರಿಯುವ ಹಡಗು ತೇಲುತ್ತ ಹ್ಯಾಲಿಫ್ಯಾಕ್ಸ್ ಕಡೆಯ ಆರನೇ ಕಟ್ಟೆಗೆ ಬಂದು ತಾಗಿತು. ಊರಿನವರಿಗೆ ಗೊತ್ತಿರಲಿಲ್ಲ. ಮಕ್ಕಳು ಶಾಲೆಯ ದಾರಿಯಲ್ಲಿ ನಿಂತು ನೋಡಿದರು, ಹೆಂಗಸರು ಕಿಟಕಿಗೆ ಮುಖ ಒತ್ತಿ ನೋಡಿದರು.

9 ಗಂಟೆ 4 ನಿಮಿಷಕ್ಕೆ ಹಡಗು ಸಿಡಿಯಿತು. ಊರಿನ ಉತ್ತರ ಭಾಗ ನೆಲಸಮವಾಯಿತು. ಸತ್ತವರು ಸುಮಾರು 2,000, ಗಾಯಗೊಂಡವರು ಸುಮಾರು 9,000. ಕಿಟಕಿ ಗಾಜು ಚೂರಾಗಿ ನೂರಾರು ಜನರ ಕಣ್ಣು ಹೋಯಿತು. ಗಾಜಿನ ಸಂಗತಿ ಓದಿದ ಮೇಲೆ ನನ್ನ ಹೆಂಡತಿ ಮುಂದಿನ ಫಲಕಕ್ಕೆ ಬರಲಿಲ್ಲ, ಬೆಂಚಿನ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಮಗುವನ್ನು ಎತ್ತಿಕೊಂಡು ದಿನಾ ಕಿಟಕಿಯಲ್ಲಿ ನಿಂತು ಹಡಗು ತೋರಿಸುತ್ತಿದ್ದವಳು ಅವಳೇ.

ಕೋಲ್‌ಮನ್ ರಿಚ್‌ಮಂಡ್ ರೈಲ್ವೆ ಯಾರ್ಡಿನ ಡಿಸ್‌ಪ್ಯಾಚರ್, ಗಾಡಿಗಳ ಓಡಾಟ ನೋಡಿಕೊಳ್ಳುವ ನಮ್ಮ ಕಡೆಯ ಕಂಟ್ರೋಲರ್ ಕೆಲಸ. ವಯಸ್ಸು 45. ಆ ಆಫೀಸು ಕಟ್ಟೆಯಿಂದ ಕೂಗಳತೆ ದೂರದಲ್ಲಿತ್ತು. ಹಡಗಿನಲ್ಲಿ ಮದ್ದು ಇದೆ, ಓಡಿ ಎಂದು ಒಬ್ಬ ನಾವಿಕ ಬಂದು ಹೇಳಿದ. ಇವರೂ ಇನ್ನೊಬ್ಬ ಗುಮಾಸ್ತರೂ ಹೊರಟರು. ಸೇಂಟ್ ಜಾನ್ ಕಡೆಯಿಂದ ಸುಮಾರು 300 ಜನರನ್ನು ಹೊತ್ತು ರಾತ್ರಿ ಗಾಡಿ, ನಂಬರ್ 10, ಬರುವುದಿತ್ತು. ಕೋಲ್‌ಮನ್ ಹಿಂತಿರುಗಿದರು. ಕೀ ಮುಂದೆ ಕೂತರು. ಅವರು ಕೊಟ್ಟ ತಾರಿನ ಮಾತುಗಳನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದಾರೆ. ಸಾರ ಇದು:

"ಗಾಡಿ ತಡೆಯಿರಿ. ಬಂದರಿನಲ್ಲಿ ಮದ್ದುಗುಂಡಿನ ಹಡಗಿಗೆ ಬೆಂಕಿ ಬಿದ್ದಿದೆ. ಆರನೇ ಕಟ್ಟೆಯ ಕಡೆ ಬರುತ್ತಿದೆ. ಸಿಡಿಯುತ್ತದೆ. ಬಹುಶಃ ಇದೇ ನನ್ನ ಕೊನೆಯ ತಾರು. ಗುಡ್‌ಬೈ, ಹುಡುಗರೇ."

ಇದನ್ನು ನಾನು ಮೂರು ಸಲ ಓದಿದೆ. ಕೈ ತಾನಾಗಿ ಗಾಜಿನ ಪೆಟ್ಟಿಗೆಯ ಅಂಚಿನ ಮೇಲೆ ಬಡಿಯತೊಡಗಿತ್ತು. ಪಕ್ಕದಲ್ಲಿ ನಿಂತಿದ್ದ ಒಬ್ಬ ವಯಸ್ಸಾದವರು ನನ್ನ ಬೆರಳನ್ನೇ ನೋಡಿ, "ನೀವು ತಾರಿನವರೇನು?" ಎಂದರು. ಎಂಬತ್ತು ದಾಟಿದವರು, ಕೈಯಲ್ಲಿ ಕೋಲು. ಅವರೂ ರೈಲ್ವೆಯವರೇ, ಹದಿನೆಂಟನೇ ವಯಸ್ಸಿಗೆ ತಾರಿನ ಮುಂದೆ ಕೂತವರು. ನಾನು ಭಾರತದ ಸ್ಟೇಷನ್ ಮಾಸ್ಟರ್ ಎಂದೊಡನೆ ಕೋಲನ್ನು ಎಡಗೈಗೆ ಬದಲಿಸಿ ಕೈ ಕುಲುಕಿದರು. ಬೆಂಚಿಗೆ ಬಂದು ನನ್ನ ಹೆಂಡತಿಗೂ ಬಗ್ಗಿ ನಮಸ್ಕಾರ ಹೇಳಿದರು.

ನಾನು ಬೆಂಚಿನ ಹಲಗೆಯ ಮೇಲೆ ಕೋಲ್‌ಮನ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಡಿದು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. "ನಿಮ್ಮ ಮೊದಲ ಅಕ್ಷರ ನನಗೆ ಜೆ ಅಂತ ಕೇಳುತ್ತದೆ," ಎಂದರು. ಆಗ ಗೊತ್ತಾಯಿತು. ನಾನು ಕಲಿತದ್ದು ಅಂತರರಾಷ್ಟ್ರೀಯ ಮೋರ್ಸ್. ಇಲ್ಲಿನ ರೈಲುಗಳಲ್ಲಿ ಓಡಿದ್ದು ಹಳೆಯ ಅಮೆರಿಕನ್ ಮೋರ್ಸ್. ನಮ್ಮ ಸಿ ಅಂದರೆ ಗೆರೆ, ಚುಕ್ಕೆ, ಗೆರೆ, ಚುಕ್ಕೆ. ಅವರ ಸಿ ಅಂದರೆ ಎರಡು ಚುಕ್ಕೆ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಒಂದು ಚುಕ್ಕೆ. ಅವರು ತಮ್ಮ ರೀತಿ ಬಡಿದರು. ಸಿ ಬೇರೆ, ಓ ಬೇರೆ, ಎಲ್ ಅಂತೂ ಒಂದೇ ಒಂದು ಉದ್ದ ಗೆರೆ. ಅಲ್ಲಿಂದ ಮುಂದೆ ಇ, ಎಂ, ಎ, ಎನ್. ಆ ನಾಲ್ಕೂ ಇಬ್ಬರದೂ ಒಂದೇ. ನಾಲ್ಕು ಅಕ್ಷರ ಇಬ್ಬರೂ ಒಟ್ಟಿಗೆ ಬಡಿದೆವು. ಅವರ ಕೈ ನಡುಗುತ್ತಿತ್ತು, ಆದರೆ ಚುಕ್ಕೆ ಚುಕ್ಕೆಯಾಗಿಯೇ ಬಂತು, ಗೆರೆ ಗೆರೆಯಾಗಿಯೇ ಬಂತು.

ಆಮೇಲೆ ಅವರೊಂದು ಮಾತು ಹೇಳಿದರು. ನಂಬರ್ 10 ಆ ದಿನ ಹೇಗೂ ತಡವಾಗಿ ಓಡುತ್ತಿತ್ತು, ಕೋಲ್‌ಮನ್ ತಾರು ಕೊಡದಿದ್ದರೂ ಅದು ಆ ಹೊತ್ತಿಗೆ ಯಾರ್ಡ್ ಮುಟ್ಟುತ್ತಿರಲಿಲ್ಲ ಎನ್ನುವವರಿದ್ದಾರೆ. ಗಾಡಿ ಬೇಸಿನ್ ದಂಡೆಯ ರಾಕಿಂಗ್‌ಹ್ಯಾಮ್ ಹತ್ತಿರ ಉಳಿಯಿತು, ಜನ ಬದುಕಿದರು, ಆದರೆ ಉಳಿದದ್ದು ತಾರಿನಿಂದಲೋ ತಡವಾದದ್ದರಿಂದಲೋ ಎಂದು ವಾದ ಇದೆ. "ನೀವೇನಂತೀರಿ?" ಎಂದು ನನ್ನನ್ನೇ ಕೇಳಿದರು.

ನಾನು ಅವರಿಗೆ ನನ್ನ ಒಂದು ರಾತ್ರಿಯ ಕಥೆ ಹೇಳಿದೆ. ಘಟ್ಟದ ಒಂದು ಸಣ್ಣ ಸ್ಟೇಷನ್, ಜುಲೈ ತಿಂಗಳ ಜಡಿಮಳೆ. ಹಳಿ ನೋಡಿಕೊಳ್ಳುವ ಗ್ಯಾಂಗಿನ ಒಬ್ಬ ಹುಡುಗ ತೊಯ್ದು ಬಂದು, ಮೇಲಿನ ತಿರುವಿನಲ್ಲಿ ಮಣ್ಣು ಜಾರುವ ಸದ್ದು ಕೇಳಿದೆ ಎಂದ. ಕಣ್ಣಾರೆ ನೋಡಿರಲಿಲ್ಲ. ನಾನು ಪ್ಯಾಸೆಂಜರ್ ಗಾಡಿಗೆ ಲೈನ್ ಕ್ಲಿಯರ್ ಕೊಡಲಿಲ್ಲ. ನಲವತ್ತು ನಿಮಿಷ ಆಚೆ ಸ್ಟೇಷನ್ನಿನಲ್ಲೇ ನಿಲ್ಲಿಸಿದೆ. ಟ್ರಾಲಿ ಹೋಗಿ ನೋಡಿದರೆ ಮಣ್ಣು ಬಿದ್ದದ್ದು ಹಳಿಯಿಂದ ಬಹಳ ಕೆಳಗೆ. ಗಾಡಿ ಬಂದಿದ್ದರೂ ಏನೂ ಆಗುತ್ತಿರಲಿಲ್ಲ. ನನಗೆ ಮೆಮೊ ಬಂತು. ಅದಕ್ಕೆ ಉತ್ತರ ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಇವತ್ತು ಅದೇ ಹುಡುಗ ಬಂದು ಅದೇ ಮಾತು ಹೇಳಿದರೂ ನಾನು ಗಾಡಿ ನಿಲ್ಲಿಸುತ್ತೇನೆ.

"ಗಾಡಿ ತಡವಾಗಿದೆ ಅನ್ನೋದು ಕೋಲ್‌ಮನ್‌ಗೆ ಗೊತ್ತಿದ್ದಿರಬಹುದು," ಎಂದೆ. "ತಡವಾದ ಗಾಡಿ ಜೋರಾಗಿ ಓಡಿ ಹತ್ತು ನಿಮಿಷ ಮೇಕಪ್ ಮಾಡಿಕೊಂಡು ಬರೋದೂ ಅವರಿಗೆ ಗೊತ್ತಿರ್ತದೆ. ಹಡಗು ಯಾವ ನಿಮಿಷಕ್ಕೆ ಸಿಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು?"

ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಆ ತಾರು ದಾರಿಯುದ್ದದ ಸ್ಟೇಷನ್ನುಗಳಿಗೆಲ್ಲ ಕೇಳಿಸಿತ್ತು, ಹ್ಯಾಲಿಫ್ಯಾಕ್ಸಿನಲ್ಲಿ ಏನೋ ಆಗಿದೆ ಎಂದು ಹೊರಗಿನವರಿಗೆ ತಿಳಿದದ್ದೇ ಅದರಿಂದ, ಅವತ್ತೇ ಟ್ರೂರೋ, ಕೆಂಟ್‌ವಿಲ್ ಕಡೆಯಿಂದ ಡಾಕ್ಟರು, ನರ್ಸುಗಳನ್ನು ಹೊತ್ತ ಗಾಡಿಗಳು ಹೊರಟವು ಎಂದು ಹೇಳಿದರು. ಉಳಿದುಕೊಂಡ ನಂಬರ್ 10 ಗಾಯಾಳುಗಳನ್ನು ಹತ್ತಿಸಿಕೊಂಡು ಟ್ರೂರೋಗೆ ವಾಪಸಾಯಿತಂತೆ. ಮಾರನೇ ದಿನ ಹಿಮದ ಬಿರುಗಾಳಿ. ಅಮೆರಿಕದ ಬಾಸ್ಟನ್ನಿನಿಂದಲೂ ನೆರವಿನ ರೈಲು ಬಂತು. ಆ ಋಣಕ್ಕೆ ನೋವಾ ಸ್ಕೋಶಿಯಾದವರು 1971ರಿಂದ ಪ್ರತಿ ವರ್ಷ ಬಾಸ್ಟನ್ನಿಗೆ ಒಂದು ದೊಡ್ಡ ಕ್ರಿಸ್ಮಸ್ ಮರ ಕಳಿಸುತ್ತಾರೆ. ನನಗೆ ಈ ಊರಿನ ಬಗ್ಗೆ ಗೌರವ ಹುಟ್ಟಿಸಿದ ಸಂಗತಿಗಳಲ್ಲಿ ಇದೂ ಒಂದು.

ಹೋಗುವಾಗ ಅವರು ಬೆಂಚಿನ ಮೇಲೆ ಏನೋ ಬಡಿದು ಹೋದರು. ಎರಡು ಅಕ್ಷರ ನನಗೆ ಸಿಕ್ಕವು, ಉಳಿದದ್ದು ಅವರ ಮೋರ್ಸಿನದು.

ಮುಂದಿನ ವಾರ ಅಳಿಯ ಪೆಗ್ಗೀಸ್ ಕೋವ್ ಎಂಬ ಕಡಲಂಚಿನ ಹಳ್ಳಿಗೆ ಕರೆದೊಯ್ದ. 1915ರ ಬಿಳಿ ದೀಪಸ್ತಂಭ, ಸುತ್ತ ಬೆತ್ತಲೆ ಬಂಡೆಗಳು. ಚಿತ್ರದಲ್ಲಿ ನೋಡಿದಷ್ಟೇ ಚೆಂದ. ಕಪ್ಪಗೆ ಒದ್ದೆಯಾಗಿರುವ ಬಂಡೆಯ ಮೇಲೆ ಕಾಲಿಡಬೇಡಿ ಎಂದು ಬೋರ್ಡು ಹಾಕಿದ್ದಾರೆ. ಆದರೂ ಜನ ಫೋಟೋಕ್ಕೆಂದು ಇಳಿಯುತ್ತಿದ್ದರು, ನೋಡಿ ನನ್ನ ಎದೆ ಹೊಡೆದುಕೊಂಡಿತು. ತಿನ್ನುವುದರಲ್ಲಿ, ಹ್ಯಾಲಿಫ್ಯಾಕ್ಸಿನವರು ಹೆಮ್ಮೆಪಡುವ, ರೊಟ್ಟಿಯಲ್ಲಿ ಮಾಂಸ ಸುತ್ತಿದ ಡೊನೇರ್‌ಗೆ ಗಟ್ಟಿ ಹಾಲು, ಸಕ್ಕರೆ, ಬೆಳ್ಳುಳ್ಳಿ ಕಲಸಿದ ಸಾಸ್ ಸುರಿಯುತ್ತಾರೆ. ಮಾಂಸ ನಾವು ಮುಟ್ಟುವವರಲ್ಲ, ಆ ಸಾಸಿನ ವಾಸನೆಯೂ ನನಗೆ ಸೇರಲಿಲ್ಲ. ಕಾಡು ಬ್ಲೂಬೆರಿ ಮಾತ್ರ ಬೊಗಸೆ ಬೊಗಸೆ ತಿಂದೆ. ನಮ್ಮ ಕವಳಿ ಹಣ್ಣಿನಷ್ಟೇ ಕಾಡಿನ ರುಚಿ.

ಹೊರಡುವ ಎರಡು ದಿನ ಮುಂಚೆ ಮೌಂಟ್ ಆಲಿವೆಟ್ ಸ್ಮಶಾನಕ್ಕೆ ಹೋದೆವು. ಟೈಟಾನಿಕ್ಕಿನಲ್ಲಿ ಸತ್ತ 19 ಜನರ ಸಮಾಧಿಗಳೂ ಅಲ್ಲೇ ಇವೆ, ಅದಕ್ಕೆ ಬರುವವರಿದ್ದಾರೆ. ನಾವು ಕೋಲ್‌ಮನ್ ಅವರ ಕಲ್ಲು ಹುಡುಕಿಕೊಂಡು ಹೋದೆವು. ನನ್ನ ಹೆಂಡತಿ ಮನೆಯ ಹಿತ್ತಲಿನಿಂದ ಎರಡು ಹೂವು ಕಿತ್ತುಕೊಂಡು ಬಂದಿದ್ದಳು, ಇಟ್ಟಳು.

ಅಲ್ಲಿಂದ ಬಂದರಿಗೆ ಹೋಗಿ ಎದುರು ದಡದ ಡಾರ್ಟ್‌ಮತ್‌ಗೆ ದೋಣಿ ಹತ್ತಿದೆವು. 1752ರಿಂದ ಇಲ್ಲಿ ದೋಣಿ ದಾಟಿಸುತ್ತಿದ್ದಾರೆ. ಕಟ್ಟೆಗೆ ಬಂದ ದೋಣಿಯ ಮೈಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿತ್ತು: ವಿನ್ಸೆಂಟ್ ಕೋಲ್‌ಮನ್. 2018ರಿಂದ ಓಡುತ್ತಿರುವ ದೋಣಿಯಂತೆ. ಹೆಸರಿನ ಸಂಗತಿ ನನಗೆ ಗೊತ್ತಿರಲಿಲ್ಲ. ಮೇಲಿನ ಅಂತಸ್ತಿನಲ್ಲಿ ಕೂತು, ದೂರದ ಎರಡು ತೂಗುಸೇತುವೆಗಳ ನಡುವಿನ ಕಿರಿದಾದ ನೀರನ್ನು ಹೆಂಡತಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಕಡೀಕ ಏನಂದ್ರಂತ್ರೀ ಅವರು, ತಾರಿನಾಗ?"

"ಗುಡ್‌ಬೈ ಹುಡುಗರೇ ಅಂತ."

"ಅಂದ್ರ ಹೋಗ್ತೀನಿ ಅಂತೇನು?"

"ಹೂಂ."

"ಹಂಗ ಯಾಕ ಅಂತಾರ. ಬರ್ತೀನಿ ಅಂತನ ಅಂದಿರ್ತಾರ," ಎಂದಳು.

ದೋಣಿ ಡಾರ್ಟ್‌ಮತ್ ಮುಟ್ಟಿತು. ಜನ ಇಳಿದರು. ನಾವು ಇಳಿದು, ಸಾಲಿನಲ್ಲಿ ನಿಂತು, ಅದೇ ದೋಣಿ ಮತ್ತೆ ಹತ್ತಿದೆವು.