ತೊಕುಯಾಮಾದಲ್ಲಿ ಒಬ್ಬ ಮುಳುಗಡೆಯವನು

ನಗೋಯಾದ ನಮ್ಮ ಆಫೀಸಿನಲ್ಲಿ ಡ್ಯಾಮ್ ಕಾರ್ಡ್, ಅಂದರೆ ಅಣೆಕಟ್ಟೆಯ ಫೋಟೊ, ವಿವರ ಅಚ್ಚಾದ ಕಾರ್ಡ್ ಕೂಡಿಡುವ ಹುಚ್ಚಿನವರೊಬ್ಬರಿದ್ದಾರೆ. ಜಪಾನಿನ ಅಣೆಕಟ್ಟೆ ಕಚೇರಿಗಳು 2007ರಿಂದ ಇಂಥ ಕಾರ್ಡ್‌ಗಳನ್ನು ಪುಕ್ಕಟೆ ಹಂಚುತ್ತಿವೆ. ಆದರೆ ಖುದ್ದಾಗಿ ಹೋದವರಿಗೆ ಮಾತ್ರ. ನವೆಂಬರಿನ ಒಂದು ಶನಿವಾರ ಅವರ ಕಾರಿನಲ್ಲೇ ಗಿಫು ಪ್ರಾಂತ್ಯದ ತೊಕುಯಾಮಾ ಅಣೆಕಟ್ಟೆಗೆ ಹೋದೆವು.

ಓಗಾಕಿ ದಾಟಿ ಇಬಿ ನದಿಯ ಪಕ್ಕದಲ್ಲೇ ಮೇಲೇರಬೇಕು. ದಾರಿಯಲ್ಲಿ ಯೊಕೊಯಾಮಾ ಅಣೆಕಟ್ಟೆ ಸಿಗುತ್ತದೆ. ಅದು ಮುಗಿದದ್ದು 1964ರಲ್ಲಿ, ನಮ್ಮ ಲಿಂಗನಮಕ್ಕಿಯ ವರ್ಷವೇ. ಆಮೇಲೆ ಸುರಂಗದ ಮೇಲೆ ಸುರಂಗ.

ತೊಕುಯಾಮಾದಲ್ಲಿ ನಾನು ಎಣಿಸಿದ್ದ ಕಾಂಕ್ರೀಟ್ ಗೋಡೆ ಇರಲಿಲ್ಲ. ನಡುವೆ ಜೇಡಿಮಣ್ಣು, ಅದರ ಎರಡೂ ಬದಿಗೆ ಮರಳು-ಜಲ್ಲಿ, ಹೊರಗೆ ಬಂಡೆಗಳ ರಾಶಿ. ಫೋಟೊ ನೋಡಿದ ದೊಡ್ಡಮ್ಮ, "ಎಂತ ಮಾರಾಯ, ಕಲ್ಲುಗುಡ್ಡೆ ನೋಡ್ಲಿಕ್ಕೆ ಅಷ್ಟು ದೂರ ಹೋದ್ಯಾ?" ಅಂದರು. ಗುಡ್ಡೆಯ ಎತ್ತರ 161 ಮೀಟರ್, ಹಿಂದೆ ನಿಲ್ಲುವ ನೀರು 66 ಕೋಟಿ ಘನ ಮೀಟರ್. ಜಪಾನಿನಲ್ಲೇ ಅತಿ ದೊಡ್ಡ ಜಲಾಶಯ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 23 ಟಿಎಂಸಿ, ಕೆಆರ್‌ಎಸ್‌ನ ಅರ್ಧವೂ ಅಲ್ಲ! 151 ಟಿಎಂಸಿಯ ಲಿಂಗನಮಕ್ಕಿಯ ಎತ್ತರ ಇದರ ಅರ್ಧಕ್ಕಿಂತ ಕಡಿಮೆ. ಇಲ್ಲಿಯ ಕಣಿವೆಗಳು ಕಡಿದು, ಇಕ್ಕಟ್ಟು. ಎಷ್ಟು ಎತ್ತರಿಸಿದರೂ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲ.

ಕಾರ್ಡಿನ ಮೇಲೆ ಐದು ಅಕ್ಷರಗಳಿದ್ದವು: ಎಫ್, ಎನ್, ಡಬ್ಲ್ಯು, ಐ, ಪಿ. ಪ್ರವಾಹ ತಡೆ, ನದಿಯ ಸಹಜ ಹರಿವು, ಕುಡಿಯುವ ನೀರು, ಕಾರ್ಖಾನೆ, ವಿದ್ಯುತ್. ಇವು ಒಂದಕ್ಕೊಂದು ಆಗಿಬರುವವಲ್ಲ. ಪ್ರವಾಹ ತಡೆಯಬೇಕಾದರೆ ಮಳೆಗಾಲಕ್ಕೆ ಜಾಗ ಖಾಲಿ ಬಿಟ್ಟಿರಬೇಕು; ಕುಡಿಯಲು, ಕಾರ್ಖಾನೆಗೆ ಬೇಕೆಂದರೆ ತುಂಬಿಸಿಡಬೇಕು. ಕೃಷಿಯ ಅಕ್ಷರವೇ ಇರಲಿಲ್ಲ. ಅಣೆಕಟ್ಟೆಯೆಂದರೆ ನಾಲೆ, ನಾಲೆಯೆಂದರೆ ಗದ್ದೆ ಎಂದುಕೊಂಡು ಬೆಳೆದ ನಮಗೆ ಇದು ವಿಚಿತ್ರವೇ. ಲಿಂಗನಮಕ್ಕಿಗೆ ಕಾರ್ಡ್ ಮಾಡಿದರೆ ಒಂದೇ ಅಕ್ಷರ ಸಾಕು, ಪಿ. ಇಲ್ಲಿ ಆ ಪಿ ಬಂದದ್ದು ತಡವಾಗಿ: ಅಣೆಕಟ್ಟೆ 2008ರಲ್ಲಿ ಮುಗಿದರೂ ವಿದ್ಯುತ್ ಹರಿದದ್ದು 2014ರಲ್ಲಿ. ನಗೋಯಾ ಕಡೆಗೆ ನೀರೊಯ್ಯುವ ಕಾಲುವೆಯಂತೂ ವರ್ಷಗಟ್ಟಲೆ ಕಾಗದದಲ್ಲೇ ಕೂತಿತು. ಯಾರಿಗಾಗಿ ಇಷ್ಟು ದೊಡ್ಡದು ಎಂಬ ಜಗಳ ಇಲ್ಲಿ ಸಾಕಷ್ಟು ನಡೆದಿದೆ, ನಡೆಯಬೇಕಾದದ್ದೇ.

ಆ ಜಗಳಕ್ಕೆ ಮೊದಲೇ ಊರು ಹೋಗಿತ್ತು. ತೊಕುಯಾಮಾ ಹಳ್ಳಿಯ 466 ಮನೆಗಳವರು ಬಯಲು ಸೀಮೆಗೆ ಇಳಿದರು. 1987ರಲ್ಲಿ ಹಳ್ಳಿಯೇ ಆಡಳಿತದ ನಕ್ಷೆಯಿಂದ ಅಳಿಸಿಹೋಯಿತು. ಅಲ್ಲಿದ್ದ ಮಸುಯಾಮಾ ತಾಝುಕೊ ಎಂಬಾಕೆ ಅರವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾ ಹಿಡಿದರು. ಗಂಡ ಬರ್ಮಾ ಕಡೆಯ ಯುದ್ಧಕ್ಕೆ ಹೋಗಿ ನಾಪತ್ತೆಯಾಗಿದ್ದ. ಸಾಧಾರಣ ಪುಟ್ಟ ಕೊನಿಕಾದಲ್ಲಿ ಮನೆ, ಶಾಲೆ, ಮದುವೆ, ಕೆಡವುತ್ತಿದ್ದ ಗೋಡೆ ಎಲ್ಲವನ್ನೂ ತೆಗೆದರು. ಒಂದು ಲಕ್ಷದಷ್ಟು ಚಿತ್ರಗಳು. ಅವರು ತೀರಿಕೊಂಡದ್ದು 2006ರಲ್ಲಿ, ನೀರು ನಿಲ್ಲಿಸಲು ಶುರುಮಾಡಿದ ವರ್ಷ. ಲಿಂಗನಮಕ್ಕಿಯಲ್ಲಿ ಮುಳುಗಿದ ನಮ್ಮಜ್ಜನ ಮನೆಯ ಒಂದು ಫೋಟೊವೂ ನಮ್ಮಲ್ಲಿಲ್ಲ. ಪರಿಹಾರದ ಕಾಗದವೊಂದು ಇದೆ, ಅದರಲ್ಲಿ ಅಡಿಕೆ ಮರಗಳ ಲೆಕ್ಕವಿದೆ.

ಜಲಾಶಯದ ಮೇಲೆ 503 ಮೀಟರ್ ಉದ್ದದ ಸೊಗಸಾದ ಸೇತುವೆಯಿದೆ, ಹತ್ತೊಕು ಸೇತುವೆ. ಮುಳುಗಿದ ರಸ್ತೆಗೆ ಬದಲಿಯಾಗಿ ನೀರಿನ ಜೊತೆಜೊತೆಗೇ ಬಂದದ್ದು. ನಾವು ನಿಂತಷ್ಟು ಹೊತ್ತು ಹಾದುಹೋದದ್ದು ಬೈಕುಗಳು, ಎಲೆ ಕೆಂಪಾದ ಕಾಡು ನೋಡಲು ಬಂದ ಕಾರುಗಳು. ಆ ಕಡೆ ವಾಸದ ಊರುಗಳೇ ಉಳಿದಿಲ್ಲ. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿಯಲ್ಲಿ ಊರಿತ್ತು, ಜನರಿದ್ದರು, ಬಸುರಿಯರನ್ನೂ ಲಾಂಚಿನಲ್ಲೇ ಸಾಗಿಸಬೇಕಿತ್ತು. ಸೇತುವೆ ಬಂದದ್ದು 2025ರ ಜುಲೈನಲ್ಲಿ.

ದೊಡ್ಡಮ್ಮನಿಗೆ ಈ ಸೇತುವೆಯ ಫೋಟೊ ಕಳಿಸಿದೆ. "ನಮ್ದೇ ಉದ್ದ ಇದೆ ಬಿಡು" ಎಂದು ಉತ್ತರ ಬಂತು.