ಅಷ್ಟು ಪಾಸಿಟಿವ್ ಆಗಿ ಹೇಗಿದ್ದಿರಿ?

ಹೋದ ತಿಂಗಳು ತಿಪಟೂರಿನ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕುಳಿತಿದ್ದೆ. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಎದುರು ಸಾಲಿನಿಂದ ಒಬ್ಬರು, ಇಡೀ ಪಂಕ್ತಿಗೆ ಕೇಳುವಂತೆ, "ಬ್ಲಡ್ ಕ್ಯಾನ್ಸರ್ ಬಂದಿದ್ದು ನಿಮಗೇ ಅಲ್ಲವೇ? ಅಷ್ಟು ಪಾಸಿಟಿವ್ ಆಗಿ ಹೇಗಿದ್ದಿರಿ?" ಎಂದರು. ಬಡಿಸುವ ಹುಡುಗ ತುಪ್ಪದ ಮಿಳ್ಳೆ ಹಿಡಿದು ಅಲ್ಲೇ ನಿಂತುಬಿಟ್ಟ. ನನ್ನ ಪಕ್ಕದವರು ತಮ್ಮ ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಂಡರು. ಇದು ಅಂಟುರೋಗವಲ್ಲ ಎಂದು ಮೊದಲು ಇವರಿಗೆ ಹೇಳಬೇಕೋ, ಎದುರಿನವರಿಗೆ ಉತ್ತರ ಕೊಡಬೇಕೋ ತಿಳಿಯದೆ ಹೋಳಿಗೆ ತಿಂದೆ.

ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ನಾನು ಕೆಲಸ ಮಾಡುವ ಸೊಸೈಟಿಯ ಕೌಂಟರಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರರೊಬ್ಬರು ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿ ಬರೆದಿಡುತ್ತೇನೆ. ನಾನು ಪಾಸಿಟಿವ್ ಆಗಿರಲಿಲ್ಲ. ನನ್ನ ರಕ್ತದ ಗುಂಪೇ ಎ ನೆಗೆಟಿವ್.

ಬಂದದ್ದು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ತೊಡೆಯ ಮೇಲೆ ನೀಲಿ ಕಲೆ, ನಿಲ್ಲದ ಮುಟ್ಟು. ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ 14,000ಕ್ಕೆ ಇಳಿದಿತ್ತು. ನಮ್ಮ ಕಡೆ ಪ್ಲೇಟ್‌ಲೆಟ್ ಎಂದರೆ ಡೆಂಗಿ. ಚಿಕ್ಕಮ್ಮ ಪಪ್ಪಾಯಿ ಎಲೆಯ ರಸವನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಅರಸೀಕೆರೆಯಿಂದ ಬೆಂಗಳೂರಿನ ವಾರ್ಡಿನವರೆಗೂ ಬಂದರು. ಸಿಸ್ಟರ್ ಬಾಗಿಲಲ್ಲೇ ತಡೆದರು. ಆ ಒಂದು ದಿನ ನಾನು ಪಾಸಿಟಿವ್ ಆಗಿದ್ದೆ.

ಔಷಧಿ ಎರಡು. ದಿನಕ್ಕೆ ಎಂಟು ಗುಳಿಗೆ ಟ್ರೆಟಿನಾಯಿನ್, ಅದು 'ಎ' ಜೀವಸತ್ವದ ನೆಂಟ. ತಲೆ ಸಿಡಿಯುತ್ತದೆ, ತುಟಿ ಬಿರಿಯುತ್ತದೆ. ಜೊತೆಗೆ ಎರಡು ಗಂಟೆಯ ಡ್ರಿಪ್‌ನಲ್ಲಿ ಆರ್ಸೆನಿಕ್ ಟ್ರೈಆಕ್ಸೈಡ್. ಅಮ್ಮನಿಗೆ ಅರ್ಥವಾಗಲೆಂದು "ಪಾಷಾಣ" ಎಂದೆ. ಅವರಿಗೆ ಗೊತ್ತಿದ್ದದ್ದು ಇಲಿ ಪಾಷಾಣ. ಡಾಕ್ಟರರು ಎಲ್ಲಿ ಕೂರುತ್ತಾರೆ ಎಂದು ಕೇಳಿಕೊಂಡು ಎದ್ದೇಬಿಟ್ಟರು.

ಈ ಪಾಷಾಣವನ್ನು 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನ ವೈದ್ಯರು ರಕ್ತದ ಕ್ಯಾನ್ಸರಿಗೆ ಕೊಟ್ಟು ನೋಡಿದ್ದರು. ಗುಳಿಗೆಯನ್ನು 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡ ಕೊಟ್ಟಿತು. ಬಿಳಿ ರಕ್ತಕಣ 10,000 ಮೀರದವರಿಗೆ ಇವೆರಡೇ ಸಾಕು, ಬೇರೆ ಕೀಮೋ ಬೇಡ ಎಂದು 2013ರಲ್ಲಿ ಪ್ರಕಟವಾದ ಇಟಲಿ ಮತ್ತು ಜರ್ಮನಿಯವರ ಅಧ್ಯಯನ ತೋರಿಸಿತು. ನನ್ನದು 3,000ದ ಆಸುಪಾಸಿನಲ್ಲಿತ್ತು. ನನಗೆ ಧೈರ್ಯ ಬಂದದ್ದು ಇಲ್ಲಿಂದ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಧ್ಯಾನ ಬೇಕು, ಹರಕೆ ಬೇಕು, ಕಡೇಪಕ್ಷ ಒಂದು ಕಷಾಯವಾದರೂ ಬೇಕು.

ಪಕ್ಕದ ಹಾಸಿಗೆಯಲ್ಲಿ ಬಿ.ಎಡ್. ಓದುತ್ತಿದ್ದ ಹುಡುಗಿಯಿದ್ದಳು. ಅವಳದೂ ಲ್ಯುಕೇಮಿಯಾವೇ, ಬೇರೆ ಬಗೆಯದು. ನಾನು ಗೋಡೆಯ ಕಡೆ ತಿರುಗಿ ಮಲಗಿದ ದಿನಗಳಲ್ಲಿ ಅವಳು ವಾರ್ಡಿನವರಿಗೆಲ್ಲ ರಸಪ್ರಶ್ನೆ ನಡೆಸಿ, ಸಿಸ್ಟರುಗಳಿಗೂ ಅಂಕ ಕೊಟ್ಟು ನಗಿಸುತ್ತಿದ್ದಳು. ನನಗೆ ಸೊನ್ನೆ. ಅವಳು ಉಳಿಯಲಿಲ್ಲ. ನನ್ನ ಜೀವಕೋಶಗಳಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿದ್ದವು, ಅದಕ್ಕೆ ಮದ್ದಿತ್ತು. ಅವಳಿಗೆ ಕೊಟ್ಟ ಮದ್ದು ಹಿಡಿಯಲಿಲ್ಲ. "ಮನಸ್ಸು ಗಟ್ಟಿಯಿದ್ದರೆ ಯಾವ ಕಾಯಿಲೆಯಾದರೂ ಓಡಿಹೋಗುತ್ತದೆ" ಎಂದು ನನ್ನನ್ನು ಹೊಗಳುವಾಗ ಅವಳನ್ನು ಏನೆನ್ನುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತದೆ.

ಭರವಸೆ ಇರಲೇ ಇಲ್ಲ ಎಂದಲ್ಲ. ಬೆಳಿಗ್ಗೆ ಆರಕ್ಕೆ ರಕ್ತ ತೆಗೆದುಕೊಂಡು ಹೋದರೆ ಹನ್ನೊಂದಕ್ಕೆ ರಿಪೋರ್ಟ್. ಆ ಐದು ಗಂಟೆ ನನ್ನಂಥ ಆಶಾವಾದಿ ಇನ್ನೊಬ್ಬಳಿರಲಿಲ್ಲ. ಪಾಷಾಣ ಹೃದಯದ ಲಯ ಕೆಡಿಸೀತೆಂದು ಆಗಾಗ ಇಸಿಜಿ, ಪೊಟ್ಯಾಸಿಯಂ ಇಳಿಯದಿರಲೆಂದು ಬಾಯಿಗಿಡಲಾಗದ ಸಿರಪ್. ಆಮೇಲೆ ಅಕ್ಕನ ಮನೆಯಿಂದ ಆಸ್ಪತ್ರೆಗೆ ಓಡಾಟ: ವಾರಕ್ಕೆ ಐದು ದಿನದಂತೆ ನಾಲ್ಕು ವಾರ ಡ್ರಿಪ್, ನಾಲ್ಕು ವಾರ ಬಿಡುವು, ಹೀಗೆ ನಾಲ್ಕು ಸುತ್ತು. ಒಟ್ಟು 80. ಅಕ್ಕನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗೀಟು ಎಳೆಯುತ್ತಿದ್ದೆ.

"ನಿಮಗೆ ರಕ್ತ ಕೊಟ್ಟವರು ಯಾರು?" ಇದನ್ನು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೋಳಿಗೆ ಬಿಟ್ಟು ಹೇಳುತ್ತಿದ್ದೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗುವುದಿಲ್ಲ, ಕೊಡುವವರು ಬರುತ್ತಲೇ ಇರಬೇಕು. ಎ ನೆಗೆಟಿವ್ ರಕ್ತವಂತೂ ಹುಡುಕಿದರೂ ಸಿಗುತ್ತಿರಲಿಲ್ಲ. ಭಾವ ತಮ್ಮ ಮೊಬೈಲಿನಲ್ಲಿದ್ದ ಎಲ್ಲರಿಗೂ ಫೋನ್ ಮಾಡಿದರು, ಗ್ಯಾಸ್ ಸಿಲಿಂಡರ್ ತರುವವರನ್ನೂ ಬಿಡದೆ.

ಎರಡನೆಯ ದಿನ ತುಮಕೂರಿನಿಂದ ಒಬ್ಬರು ಬಂದರು. ಯಾರ ಪರಿಚಯದವರ ಪರಿಚಯವೋ. ರಕ್ತ ಕೊಟ್ಟು, ಅಲ್ಲಿ ಕೊಟ್ಟ ಬಿಸ್ಕತ್ತು ತಿಂದರು. ಬಸ್ಸಿನ ದುಡ್ಡು ಬೇಡವೆಂದರು. ಒಮ್ಮೆ ನೋಡಿ ಹೋಗಿ ಎಂದರೆ, "ಹೊರಗಿನಿಂದ ಬಂದಿದ್ದೇನೆ, ಸೋಂಕು ತಗುಲೀತು" ಎಂದರಂತೆ. ಕೇಳಿದ್ದು ಒಂದೇ: ಕಚೇರಿಯಲ್ಲಿ ಅರ್ಧ ದಿನದ ರಜೆಗೆ ತೋರಿಸಲು ಮೊಹರು ಹಾಕಿದ ಒಂದು ಚೀಟಿ. ಮೊಹರು ಹಾಕುವವರು ಊಟಕ್ಕೆ ಹೋಗಿದ್ದರು. ಮುಕ್ಕಾಲು ಗಂಟೆ ಕಾದು, ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟರು. ಚೀಟಿ ಆಮೇಲೆ ಭಾವನ ಕೈಗೆ ಬಂತು. ಈಗಲೂ ನನ್ನ ಫೈಲಿನಲ್ಲಿದೆ. ರಕ್ತ ಕೊಟ್ಟವರ ಹೆಸರು ಬರೆಯಬೇಕಾದ ಜಾಗದಲ್ಲಿ ನನ್ನ ಹೆಸರು ಬರೆದಿದ್ದಾರೆ.